ನಾಯಿಯ ತಾಟು: ಕಲ್ಯಾಣದಿಂದ ಕೇಕ್‌ವರೆಗೆ

ಭಾಗ 1/8 · ಆ ರಾತ್ರಿ

ಫೋಟೊದಾಗ ಇರೋ ಕರಿ ನಾಯಿ ನಮ್ಮ ಓಣಿಯ ಕಾಳ್ಯಾ. ಮಂಠಾಳದವರಿಗೆ ಪರಿಚಯ ಬೇಕಾಗಿಲ್ಲ, ಉಳಿದವರಿಗೆ ಹೇಳ್ತೀನಿ. ಅದು ಒಬ್ಬರ ಮನೀದು ಅಲ್ಲ, ಎಲ್ಲಾರ ಮನೀದೂ ಹೌದು. ಮುಂಜಾನೆ ನಮ್ಮ ಅವ್ವನ ಕಡೆ ಅರ್ಧ ರೊಟ್ಟಿ, ಮಧ್ಯಾಹ್ನ ಚಹಾದಂಗಡಿ ಕಾಕಾನ ಕಡೆ ಎರಡು ಬಿಸ್ಕೀಟು, ರಾತ್ರಿ ಯಾರ ಮನಿ ಬಾಗಿಲು ತೆರೆದಿರ್ತದೋ ಅಲ್ಲಿ ಊಟ.

ಹೋದ ತಿಂಗಳು ನಮ್ಮ ದೋಸ್ತನ ಬರ್ತ್‌ಡೇ. ಒಂದು ಕಿಲೋ ಚಾಕೊಲೇಟ್ ಕೇಕ್. ಅರ್ಧ ತಿಂದ್ವಿ, ಸ್ವಲ್ಪ ಮುಖಕ್ಕ ಬಳ್ಕೊಂಡ್ವಿ. ಉಳಿದದ್ದನ್ನ ಡಬ್ಬಿ ಸಮೇತ ಕಾಳ್ಯಾನ ಮುಂದ ಇಟ್ಟವನು ನಾನೇ. ಇಟ್ಟು ವಿಡಿಯೊನೂ ಮಾಡ್ದೆ. ಅದು ಬಾಲ ಅಲ್ಲಾಡಿಸ್ಕೋತ ಡಬ್ಬಿ ನೆಕ್ಕಿದ್ದಕ್ಕ ನೀವೇ ಎಷ್ಟೋ ಮಂದಿ ಹಾರ್ಟ್ ಒತ್ತಿದ್ರಿ.

ರಾತ್ರಿ ಎರಡಕ್ಕ ವಾಂತಿ ಶುರು ಆತು. ಆಮ್ಯಾಲೆ ನಿಂತಲ್ಲಿ ನಿಲ್ಲಲಾರದು, ಮೈಯೆಲ್ಲ ನಡುಕ, ಬಾಯಿ ತೆರೆದು ತೇಕ್ತಿತ್ತು. ಎದೆ ಮ್ಯಾಲೆ ಕೈ ಇಟ್ರೆ ಬಡಿತ ಎಣಿಸಲಿಕ್ಕೆ ಆಗ್ಲಿಲ್ಲ. ಯಾರೋ ಉಪ್ಪಿನ ನೀರು ಕುಡಿಸ್ರಿ ಅಂದ್ರು. ಫೋನಿನಾಗ ಸಿಕ್ಕ ಡಾಕ್ಟರ್ ಮೇಡಂ ಒಮ್ಮೆಗೇ ಬೈದ್ರು: "ಉಪ್ಪು ಹಾಕಬ್ಯಾಡ್ರಿ, ಅದು ಇನ್ನೊಂದು ವಿಷ ಆಗ್ತದ. ಏನು ತಿಂದದ, ಎಷ್ಟು ತಿಂದದ, ಯಾವಾಗ ತಿಂದದ, ಅದು ಹೇಳ್ರಿ."

ಮೂರು ಪ್ರಶ್ನೆ. ಮೂರಕ್ಕೂ ಉತ್ತರ ನನ್ನ ವಿಡಿಯೊದಾಗೇ ಇತ್ತು. ಅದನ್ನ ನೋಡಿ ಉತ್ತರ ಹೇಳೋವಾಗ ಆದ ನಾಚಿಕಿ ನಿಮಗ್ಯಾರಿಗೂ ಬರಬಾರದು ಅಂತ ಈ ಸರಣಿ ಬರೀತಿದೀನಿ.

ಒಂದು ಪ್ರಶ್ನೆ ಮಾತ್ರ ತಲ್ಯಾಗಿಂದ ಹೋಗಲಿಲ್ಲ. ಸಾವಿರಾರು ವರ್ಷ ನಮ್ಮ ಎಂಜಲು ತಿಂದು ಬದುಕಿದ ಪ್ರಾಣಿಗೆ ನಮ್ಮ ತಿನಿಸು ಯಾವಾಗ ವಿಷ ಆತು? ಉತ್ತರ ಹುಡುಕ್ತಾ ಹೋದ್ರೆ ಅದು ಇತಿಹಾಸದ ಪಾಠ ಆಯ್ತು.

ಭಾಗ 2/8 · ಕಾಳಿ ಮತ್ತು ಕಲ್ಯಾಣ

ಮೊದಲು ನಮ್ಮ ನಾಡಿನಲ್ಲಿ ನಾಯಿಗೆ ಎಂಥ ಸ್ಥಾನ ಇತ್ತು ನೋಡಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಒಂದು ಶಾಸನ ಕ್ರಿ.ಶ. 949–50ರದು. ಆಗ ನಮ್ಮ ಭಾಗವನ್ನು ಆಳುತ್ತಿದ್ದವರು ಮಾನ್ಯಖೇಟದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ ರಾಷ್ಟ್ರಕೂಟರು. ಅವರ ಅರಸ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ತಕ್ಕೋಲಂನಲ್ಲಿ ಚೋಳರನ್ನು ಸೋಲಿಸಿದರು. ಆ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ ಮಣಲೆರ ಎಂಬ ವೀರನಿಗೆ ಬೂತುಗ "ಏನು ಬೇಕು ಕೇಳು" ಅಂದಾಗ ಅವನು ಕೇಳಿದ್ದು ಬೂತುಗನ ಬೇಟೆನಾಯಿಯನ್ನ. ಅದರ ಹೆಸರು ಕಾಳಿ!

ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಸ್ತೂರಬಾ ರಸ್ತೆ ಕಡೆ ಹೋದವರು ತಪ್ಪದೆ ನೋಡಿ ಬನ್ನಿ.

ಇನ್ನು ನಮ್ಮ ಬಾಗಿಲಿಗೇ ಬರೋಣ. ನಮ್ಮ ತಾಲೂಕು ಕೇಂದ್ರ ಬಸವಕಲ್ಯಾಣ ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ ಕಲ್ಯಾಣ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ದೊಡ್ಡ ಗ್ರಂಥ ಬರೆದ. ನೂರು ಅಧ್ಯಾಯ. ರಾಜ್ಯ ನಡೆಸೋದರಿಂದ ಹಿಡಿದು ಆನೆ, ಕುದುರೆ, ಸಂಗೀತ, ಅಡುಗೆವರೆಗೆ ಎಲ್ಲಾ ಅದರಲ್ಲಿದೆ. ಇಡ್ಲಿ, ದೋಸೆ, ವಡೆಗಳ ಹಳೆಯ ರೂಪಗಳೂ ಸಿಗುತ್ತವೆ. ಅದೇ ಗ್ರಂಥದಲ್ಲಿ ನಾಯಿಗಳಿಗೂ ಬೇರೆಯೇ ಒಂದು ಭಾಗ ಇದೆ, ಹೆಸರು 'ಸಾರಮೇಯ ವಿನೋದ'.

ಅಂದ್ರೆ ರಾಜನ ಊಟವೂ ನಾಯಿಯೂ ಒಂದೇ ಪುಸ್ತಕದಲ್ಲಿ, ನಮ್ಮ ಕಲ್ಯಾಣದಲ್ಲಿ. ಆದರೆ ಆ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇಲ್ಲ, ಟೊಮ್ಯಾಟೊ ಇಲ್ಲ, ಆಲೂಗಡ್ಡೆ ಇಲ್ಲ, ಕೋಕೋ ಅಂತೂ ಇಲ್ಲವೇ ಇಲ್ಲ. ಅವೆಲ್ಲ ಅಮೆರಿಕ ಖಂಡದ ಬೆಳೆ. ಇಲ್ಲಿಗೆ ಬರಲು ಇನ್ನೂ ನಾಲ್ಕು ನೂರು ವರ್ಷದ ಮೇಲೆ ಬೇಕಾಯಿತು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗ್ತದ.

ಭಾಗ 3/8 · ರೊಟ್ಟಿ ತಿನ್ನಲು ಕಲಿತ ಪ್ರಾಣಿ

"ನಾಯಿ ಮಾಂಸ ತಿನ್ನೋ ಪ್ರಾಣಿ, ರೊಟ್ಟಿ ಯಾಕ ಹಾಕ್ತೀರಿ?" ಅಂತ ಕೇಳೋರು ಇದ್ದಾರೆ. ಅವರಿಗೆ ಉತ್ತರ 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಸ್ವೀಡನ್ನಿನ ಸಂಶೋಧಕರು ತೋಳ ಮತ್ತು ನಾಯಿಯ ವಂಶವಾಹಿಗಳನ್ನು ಹೋಲಿಸಿದರು. ಹಿಟ್ಟಿನ ಅಂಶವನ್ನು ಅರಗಿಸುವ ಒಂದು ಜೀನ್ ತೋಳದಲ್ಲಿ ಎರಡೇ ಪ್ರತಿ, ನಾಯಿಯಲ್ಲಿ ನಾಲ್ಕರಿಂದ ಮೂವತ್ತು ಪ್ರತಿ.

ಅರ್ಥ ಇಷ್ಟೇ. ನಾವು ಬೇಸಾಯ ಶುರು ಮಾಡಿದಾಗ ನಾಯಿ ನಮ್ಮ ಒಲೆ ಬದಿಗೇ ಕೂತಿತ್ತು. ನಾವು ಕಾಳು ತಿಂದ್ವಿ, ಅದೂ ಕಾಳು ತಿಂತು. ಎಷ್ಟೋ ತಲೆಮಾರು ಹೋಗಿ ಅದರ ಹೊಟ್ಟೆಯೇ ನಮ್ಮ ಹೊಟ್ಟೆಗೆ ಹೊಂದಿಕೊಂಡಿತು. ಕಾಳ್ಯಾ ನಮ್ಮ ಅವ್ವನ ರೊಟ್ಟಿ ತಿಂದು ಅರಗಿಸೋದು ಅದರ ಹಿರಿಯರು ಗಳಿಸಿಟ್ಟ ಆಸ್ತಿ.

ಈ ಸಂಬಂಧ ನಮ್ಮ ಭಾಗದ ಜನಕ್ಕೆ ಹೊಸದಲ್ಲ. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಹೋದವರು ನಿಮ್ಮಲ್ಲಿ ಇದ್ದೇ ಇರ್ತೀರಿ. ಮೈಲಾರನ ಭಕ್ತರಲ್ಲಿ ಗೊರವರು, ವಗ್ಗಯ್ಯಗಳು ತಮ್ಮನ್ನು ದೇವರ ನಾಯಿಗಳು ಅಂತಲೇ ಕರ್ಕೋತಾರೆ. ಬೊಗಳ್ತಾ ಬಂದು ದೋಣಿಗೆ ಬಾಯಿ ಹಾಕಿ ತಿನ್ನುವ ಪದ್ಧತಿ ಇದೆ. ದೇವರ ಮುಂದೆ ನಾಯಿಯಾಗಿ ನಿಲ್ಲೋದು ಇಲ್ಲಿ ಅವಮಾನ ಅಲ್ಲ, ನಿಷ್ಠೆ.

ಆದರೆ ಒಂದು ವಿಷಯ. ಹಿಟ್ಟಿಗೆ ಹೊಂದಿಕೊಳ್ಳಲು ನಾಯಿಗೆ ಸಾವಿರಾರು ವರ್ಷ ಸಿಕ್ಕಿತು. ನಾವು ಕಳೆದ ಐವತ್ತು ವರ್ಷದಲ್ಲಿ ತಾಟಿಗೆ ಹಾಕಿಕೊಂಡಿದ್ದಕ್ಕೆ ಹೊಂದಿಕೊಳ್ಳಲು ಅದಕ್ಕೆ ಸಮಯವೇ ಸಿಕ್ಕಿಲ್ಲ.

ಭಾಗ 4/8 · ಜೋಳ, ಕಪ್ಪು ನಾಲಿಗೆ ಮತ್ತು ಹೈದರಾಬಾದ್

ಈ ಭಾಗ ಓದಿ ನಾನೇ ಬೆಚ್ಚಿಬಿದ್ದೆ, ಯಾಕಂದ್ರ ಇದು ನೇರ ನಮ್ಮ ಜೋಳದ ರೊಟ್ಟಿಯ ಕಥೆ.

ನೂರು ವರ್ಷದ ಹಿಂದೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಡವರಿಗೆ ಪೆಲಾಗ್ರ ಅನ್ನೋ ರೋಗ ಬರ್ತಿತ್ತು. ಚರ್ಮ ಸುಲಿದು, ಭೇದಿ ಹತ್ತಿ, ಕೊನೆಗೆ ಬುದ್ಧಿಭ್ರಮಣೆ ಆಗಿ ಸಾಯೋರು. ಎಲ್ಲರೂ ಸೋಂಕು ಅಂದ್ಕೊಂಡಿದ್ರು. ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ "ಅಲ್ಲ, ಇದು ಊಟದ ಕೊರತೆ" ಅಂದರು. ಬರೀ ಮೆಕ್ಕೆಜೋಳದ ಮೇಲೆ ಬದುಕುವವರಿಗೆ ಇದು ಬರ್ತಿತ್ತು. ನಾಯಿಗಳಿಗೆ ಅದೇ ಊಟ ಹಾಕಿದಾಗ ಅವುಗಳ ನಾಲಿಗೆ ಕಪ್ಪಾಗುವ ರೋಗ ಬಂತು. 1937ರಲ್ಲಿ ವಿಸ್ಕಾನ್ಸಿನ್‌ನ ಕಾನ್ರಾಡ್ ಎಲ್ವೆಹೆಮ್ ಆ ಕಪ್ಪು ನಾಲಿಗೆಯನ್ನು ನಿಕೋಟಿನಿಕ್ ಆಮ್ಲದಿಂದ, ಅಂದರೆ ನಾವು ಈಗ ನಿಯಾಸಿನ್ ಅನ್ನುವ ಬಿ ವಿಟಮಿನ್‌ನಿಂದ, ವಾಸಿ ಮಾಡಿ ತೋರಿಸಿದರು. ಮನುಷ್ಯರ ಔಷಧಿಗೆ ದಾರಿ ತೋರಿಸಿದ್ದು ನಾಯಿಯ ನಾಲಿಗೆ.

ಈಗ ನಮ್ಮ ಕಡೆ ಬನ್ನಿ. ನಮ್ಮ ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಡೆಕ್ಕನ್ನಿನ ಬಡವರ ಊಟ ಮೆಕ್ಕೆಜೋಳ ಅಲ್ಲ, ಜೋಳ. 1958ರಲ್ಲಿ ಕುನೂರಿನಿಂದ ಹೈದರಾಬಾದಿಗೆ ಬಂದ ಪೌಷ್ಟಿಕತೆ ಪ್ರಯೋಗಾಲಯದ (1969ರಿಂದ ಅದೇ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ) ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು ಜೋಳವನ್ನೇ ಮುಖ್ಯ ಊಟ ಮಾಡಿಕೊಂಡವರಲ್ಲಿ ಪೆಲಾಗ್ರ ಇರುವುದನ್ನು 1960ರಲ್ಲಿ ಬರೆದರು. 1965ರಲ್ಲಿ ಬಿ. ಬೆಳವಾಡಿ ಮತ್ತು ಗೋಪಾಲನ್ ಜೋಳದ ಊಟ ಹಾಕಿದ ನಾಯಿಗಳಲ್ಲಿ ಕಪ್ಪು ನಾಲಿಗೆ ಬಂದದ್ದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಿರೋದೇ ಕಾರಣ ಅನ್ನೋದು ಅವರ ವಾದ. ಮುಂದೆ ಅದರ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆಯಿತು.

ಹಂಗಂತ ರೊಟ್ಟಿ ಹಾಕೋದು ಬಿಡಬ್ಯಾಡ್ರಿ! ಜೋಳ ವಿಷ ಅಲ್ಲ. ದಿನಾ ಬರೀ ರೊಟ್ಟಿಯೇ ಆದರೆ ಕೊರತೆ ಆಗ್ತದ, ನಾಯಿಗೂ ನಮಗೂ. ರೊಟ್ಟಿ ಜೊತೆ ಮೊಸರು, ಉಪ್ಪು ಖಾರ ಇಲ್ಲದ ಬೇಯಿಸಿದ ಬ್ಯಾಳಿ, ಒಂದು ತತ್ತಿ ಸೇರಿದರೆ ಸಾಕು. ಮೊದಲನೆಯ ಪಾಠ ಇದು: ನಾಯಿಗೆ ಅಪಾಯ ಅನ್ನೋದು ಒಂದೇ ದಿನದ ವಿಷ ಇರಬೇಕಂತಿಲ್ಲ, ದಿನದಿನದ ಕೊರತೆಯೂ ಅಪಾಯವೇ.

ಭಾಗ 5/8 · ಉಳ್ಳಾಗಡ್ಡಿ, 1930

ಗೋಲ್ಡ್‌ಬರ್ಗರ್ ಜೊತೆ ಕೆಲಸ ಮಾಡಿದ ಡಬ್ಲ್ಯೂ. ಎಚ್. ಸೆಬ್ರೆಲ್ ಎಂಬವರು 1930ರಲ್ಲಿ ಇನ್ನೊಂದು ವರದಿ ಬರೆದರು. ಉಳ್ಳಾಗಡ್ಡಿ ತಿನ್ನಿಸಿದ ನಾಯಿಗಳಿಗೆ ರಕ್ತಹೀನತೆ ಬಂತು ಅಂತ.

ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣಾಗ ನೀರು ತರಿಸುವ ಗಂಧಕದ ಅಂಶಗಳ ಬಳಗದ್ದೇ ಕೆಲವು, ನಾಯಿಯ ಕೆಂಪು ರಕ್ತಕಣಗಳನ್ನು ಕೆಡಿಸುತ್ತವೆ. ಕಣದೊಳಗಿನ ಹಿಮೋಗ್ಲೋಬಿನ್ ಗಂಟುಗಟ್ಟಿ, ದೇಹವೇ ಆ ಕಣಗಳನ್ನು ಒಡೆದು ಹಾಕುತ್ತದೆ. ಒಸಡು ಬೆಳ್ಳಗಾಗೋದು, ಸುಸ್ತು, ಕೆಂಪು ಕಂದು ಮೂತ್ರ ಇದರ ಗುರುತು. ಮೋಸ ಎಲ್ಲಿದೆ ಅಂದ್ರೆ, ಇವು ಕಾಣಲು ಕೆಲವು ದಿನ ಹಿಡೀತದ. ಆವಾಗ "ಮೊನ್ನೆ ಏನು ತಿಂದಿತ್ತು?" ಅಂತ ಯಾರಿಗೆ ನೆನಪಿರ್ತದ?

ನಿಮ್ಮ ತಲೆಯಲ್ಲಿ ಬಂದಿರೋ ಪ್ರಶ್ನೆ ನನಗೂ ಬಂತು. ನಮ್ಮ ಕಡೆ ರೊಟ್ಟಿ ಉಳ್ಳಾಗಡ್ಡಿ ಗಂಡ ಹೆಂಡತಿ ಇದ್ದಂಗ. ಹಂಗಾದ್ರೆ ಊರನಾಯಿಗಳು ಹೆಂಗ ಉಳದಾವು? ಇದು ಅಳತೆಯ ಮಾತು. ದೇಹದ ತೂಕದ ಶೇ. 0.5ಕ್ಕಿಂತ ಹೆಚ್ಚು ಉಳ್ಳಾಗಡ್ಡಿ ಒಮ್ಮೆಗೇ ಹೋದರೆ ಅಪಾಯ ಅಂತ ಪಶುವೈದ್ಯರ ಲೆಕ್ಕ. ಅಂದರೆ 10 ಕಿಲೋ ನಾಯಿಗೆ 50 ಗ್ರಾಂ, ಒಂದು ಸಣ್ಣ ಗಡ್ಡಿ. ಹಸಿ ಉಳ್ಳಾಗಡ್ಡಿಯನ್ನ ನಾಯಿ ಮೂಸಿ ಬಿಟ್ಟುಬಿಡಬಹುದು. ಆದರೆ ಮಸಾಲಿ ರುಬ್ಬಿ, ಎಣ್ಣಿಯಾಗ ಹುರಿದು, ಮಾಂಸದ ಸಾರಿನಾಗ ಹಾಕಿದರೆ ವಾಸನೆಗೆ ಸೋತು ತಿಂತದ. ಬೇಯಿಸಿದರೂ ಒಣಗಿಸಿದರೂ ಆ ಅಂಶ ಹೋಗೋದಿಲ್ಲ. ಬೆಳ್ಳುಳ್ಳಿಯೂ ಅದೇ ಜಾತಿ.

ಮದುವೆ ಮನೆಯ ಹಿಂದೆ ಬಕೆಟ್‌ಗಟ್ಟಲೆ ಮಸಾಲಿ ಸುರಿಯೋದು ಪುಣ್ಯದ ಕೆಲಸ ಅಂತ ನಾನೂ ಅಂದ್ಕೊಂಡಿದ್ದೆ. ಅನ್ನ, ರೊಟ್ಟಿ ಬೇರೆ ತೆಗೆದು ಹಾಕಿದರೆ ಅದು ಪುಣ್ಯ.

ಭಾಗ 6/8 · ಕೋಕೋ ನಮ್ಮೂರಿಗೆ ಬಂದ ದಾರಿ

ಕೋಕೋ ಮರ ಅಮೆರಿಕ ಖಂಡದ್ದು. 1753ರಲ್ಲಿ ಲಿನ್ನೇಯಸ್ ಅದಕ್ಕೆ ಇಟ್ಟ ಹೆಸರು ಥಿಯೋಬ್ರೋಮ, 'ದೇವರುಗಳ ಆಹಾರ' ಅಂತ ಅರ್ಥ. 1841ರಲ್ಲಿ ರಷ್ಯಾದ ರಸಾಯನಶಾಸ್ತ್ರಜ್ಞ ವೊಸ್ಕ್ರೆಸೆನ್‌ಸ್ಕಿ ಆ ಬೀಜದಿಂದ ಬೇರ್ಪಡಿಸಿದ ವಸ್ತುವಿಗೆ ಥಿಯೋಬ್ರೋಮಿನ್ ಅಂತ ಹೆಸರಾಯಿತು. ದೇವರ ಹೆಸರಿನ ಈ ವಸ್ತುವೇ ಕಾಳ್ಯಾನ ಎದೆ ಬಡಿತ ಏರಿಸಿದ್ದು.

ನಾನು ಬಿಕಾಂ, ಆದ್ದರಿಂದ ವ್ಯಾಪಾರದ ದಾರಿ ನೋಡದೆ ಇರಲಾರೆ. ಕ್ಯಾಡ್ಬರಿ ಭಾರತಕ್ಕೆ ಬಂದದ್ದು 1948ರಲ್ಲಿ. ಮುಂದೆ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ರೈತರು ಕೋಕೋ ಹಾಕಿದರು. 1980ರ ಸುಮಾರಿಗೆ ಬೆಲೆ ಬಿದ್ದು ಕೊಳ್ಳುವವರೇ ಇಲ್ಲದಾಗ, 1973ರಲ್ಲಿ ಹುಟ್ಟಿದ್ದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕೋಕೋ ಕೊಳ್ಳಲು ಮುಂದೆ ಬಂತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ರೈತರೇ ಮಾಲೀಕರಾದ ಚಾಕೊಲೇಟ್, ಸಹಕಾರ ವಿಷಯದಲ್ಲಿ ನಾವು ಓದುವ ಒಳ್ಳೆಯ ಉದಾಹರಣೆ. ನಮ್ಮ ಅಜ್ಜನ ಕಾಲಕ್ಕೆ ಮಂಠಾಳದಲ್ಲಿ ಬರ್ತ್‌ಡೇಗೆ ಕೇಕ್ ಇರಲಿಲ್ಲ, ಹುಗ್ಗಿ ಇತ್ತು. ಈಗ ಓಣಿಗೊಂದು ಕೇಕ್. ಒಂದೇ ತಲೆಮಾರಿನಲ್ಲಿ ಆದ ಬದಲಾವಣೆ.

ಈಗ ಲೆಕ್ಕ. ಮನುಷ್ಯನ ದೇಹ ಥಿಯೋಬ್ರೋಮಿನ್‌ನ ಅರ್ಧ ಭಾಗವನ್ನು ಕೆಲವೇ ಗಂಟೆಗಳಲ್ಲಿ ಹೊರಹಾಕುತ್ತದೆ. ನಾಯಿಗೆ ಅದೇ ಅರ್ಧಕ್ಕೆ ಸುಮಾರು 17 ಗಂಟೆ ಬೇಕು. ಪ್ರತಿ ಕಿಲೋ ತೂಕಕ್ಕೆ 20 ಮಿಲಿಗ್ರಾಂ ದಾಟಿದರೆ ವಾಂತಿ, ಚಡಪಡಿಕೆ. 40 ದಾಟಿದರೆ ಹೃದಯದ ಬಡಿತ ತಪ್ಪುತ್ತದೆ. 60ಕ್ಕೆ ಫಿಟ್ಸ್.

10 ಕಿಲೋ ನಾಯಿ ಇಟ್ಕೊಳ್ಳಿ. 20ರ ಮಿತಿ ಅಂದರೆ 200 ಮಿಲಿಗ್ರಾಂ.
ಹಾಲಿನ ಚಾಕೊಲೇಟ್ (ಗ್ರಾಂಗೆ ಸುಮಾರು 2 ಮಿ.ಗ್ರಾಂ): 100 ಗ್ರಾಂ ಸಾಕು.
ಕೋಕೋ ಪುಡಿ (ಗ್ರಾಂಗೆ ಸುಮಾರು 20 ಮಿ.ಗ್ರಾಂ): 10 ಗ್ರಾಂ, ಅಂದರೆ ನಾಲ್ಕು ಟೀ ಚಮಚ.

ಕಾಳ್ಯಾ 14 ಕಿಲೋ. ಅದು ತಿಂದ ಕೇಕ್‌ನಲ್ಲಿ ಕೋಕೋ ಪುಡಿ 25 ಗ್ರಾಂ ಅಂತ ನನ್ನ ಅಂದಾಜು. 500 ಮಿಲಿಗ್ರಾಂ ಭಾಗಿಸು 14, ಹತ್ತಿರ ಹತ್ತಿರ 36. ನಲವತ್ತಕ್ಕೆ ನಾಲ್ಕು ಕಡಿಮೆ. ಇನ್ನೊಂದು ತುಂಡು ಹಾಕಿದ್ರೆ? ಈ ಲೆಕ್ಕ ನಾನು ಮೂರು ಸಲ ಮಾಡಿ ನೋಡೀನಿ.

ಭಾಗ 7/8 · ದ್ರಾಕ್ಷಿ, ಹುಣಸಿ, ಚೂಯಿಂಗ್ ಗಮ್

ದ್ರಾಕ್ಷಿ ಹೊಸ ಬೆಳೆ ಅಲ್ಲ. ಆದರೆ ಅದು ನಾಯಿಯ ಮೂತ್ರಪಿಂಡ ಹಾಳು ಮಾಡಬಲ್ಲದು ಅಂತ ಜಗತ್ತಿಗೆ ಗೊತ್ತಾಗಿದ್ದು ತೀರಾ ಇತ್ತೀಚೆಗೆ. ಅಮೆರಿಕದ ಪ್ರಾಣಿ ವಿಷ ನಿಯಂತ್ರಣ ಕೇಂದ್ರಕ್ಕೆ ಬಂದ ಫೋನ್ ಕರೆಗಳ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಈ ಸಾಮ್ಯ ಕಂಡಿತು. 2001ರಲ್ಲಿ ಅವರು ಪಶುವೈದ್ಯರ ಪತ್ರಿಕೆಗೆ ಬರೆದು ಎಚ್ಚರಿಸಿದರು. ಅಂದರೆ ನಮ್ಮಲ್ಲಿ ಅನೇಕರು ಹುಟ್ಟುವ ಸ್ವಲ್ಪ ಮೊದಲು! ದಾಖಲೆ ಬರೆದಿಡೋದರ ಬೆಲೆ ಇದೇ. ಒಂದೊಂದೇ ಕರೆ ನೋಡಿದರೆ ಏನೂ ತಿಳಿಯೋದಿಲ್ಲ, ಎಲ್ಲ ಕೂಡಿಸಿದರೆ ಸತ್ಯ ಕಾಣ್ತದ.

ಕಾರಣ ಮಾತ್ರ ಇನ್ನೂ ಇಪ್ಪತ್ತು ವರ್ಷ ಸಿಗಲಿಲ್ಲ. 2021ರಲ್ಲಿ ಅದೇ ಕೇಂದ್ರದ ವೈದ್ಯರು ಟಾರ್ಟಾರಿಕ್ ಆಮ್ಲದ ಮೇಲೆ ಬೆರಳಿಟ್ಟರು. ದ್ರಾಕ್ಷಿಯ ಹುಳಿ ಅದು. ಅದೇ ಹುಳಿ ಇನ್ನೆಲ್ಲಿದೆ ಗೊತ್ತೇನು? ಹುಣಸಿಹಣ್ಣಿನಲ್ಲಿ. ಹುಣಸಿ ತಿಂದ ನಾಯಿಗಳಲ್ಲೂ ಮೂತ್ರಪಿಂಡದ ತೊಂದರೆ ಕಂಡುಬಂದಿದೆ.

ಎಳ್ಳಮಾವಾಸ್ಯಿ ದಿನ ಹೊಲಕ್ಕ ಹೋಗಿ ಭಜ್ಜಿ ರೊಟ್ಟಿ ಉಣ್ಣುವಾಗ ನಾಯಿಯೂ ಬೆನ್ನತ್ತಿ ಬರ್ತದಲ್ಲ? ಅದಕ್ಕೆ ಸಜ್ಜಿ ರೊಟ್ಟಿ ಹಾಕಿ. ಹುಣಸಿ ಹಿಂಡಿದ ಭಜ್ಜಿ ಬ್ಯಾಡ. ವಿಜಯಪುರದ ಒಣದ್ರಾಕ್ಷಿ ಹಾಕಿದ ಶಿರಾ, ಪಾಯಸವೂ ಬ್ಯಾಡ. ಎಷ್ಟು ತಿಂದರೆ ಅಪಾಯ ಅಂತ ದ್ರಾಕ್ಷಿಗೆ ನಂಬಬಹುದಾದ ಮಿತಿ ಇಲ್ಲ. ಒಂದು ನಾಯಿಗೆ ಏನೂ ಆಗದಷ್ಟು ಇನ್ನೊಂದಕ್ಕೆ ಮಾರಕ ಆಗಬಹುದು. "ನಮ್ಮ ನಾಯಿಗೆ ಏನೂ ಆಗಿಲ್ಲ" ಅನ್ನೋ ಮಾತು ಇಲ್ಲಿ ನಡಿಯೋದಿಲ್ಲ.

ಇನ್ನೊಂದು ಹೊಸ ಅತಿಥಿ ಜೈಲಿಟಾಲ್. ಸಕ್ಕರೆ ಇಲ್ಲದ ಚೂಯಿಂಗ್ ಗಮ್, ಕೆಲವು ಟೂತ್‌ಪೇಸ್ಟ್, ಕೆಲವು 'ಶುಗರ್ ಫ್ರೀ' ತಿನಿಸುಗಳಲ್ಲಿ ಇರ್ತದ. ಮನುಷ್ಯರ ಹಲ್ಲಿಗೆ ಒಳ್ಳೇದು. ನಾಯಿಯ ದೇಹ ಮಾತ್ರ ಅದನ್ನು ಸಕ್ಕರೆ ಅಂತ ತಪ್ಪು ತಿಳಿದು ಇನ್ಸುಲಿನ್ ಸುರಿಯುತ್ತದೆ, ರಕ್ತದ ಸಕ್ಕರೆ ಕುಸಿದು ನಾಯಿ ನೆಲಕ್ಕೆ ಬೀಳುತ್ತದೆ. ಅರ್ಧ ಗಂಟೆಯಲ್ಲೇ ಆಗಬಹುದು. ಕಿಲೋಗೆ 0.1 ಗ್ರಾಂ ಸಾಕು. ವಿಚಿತ್ರ ಏನಂದ್ರೆ, ನಾಯಿಯಲ್ಲಿ ಇದು ಇನ್ಸುಲಿನ್ ಏರಿಸುತ್ತದೆ ಅಂತ ಪ್ರಯೋಗಾಲಯದವರಿಗೆ 1960ರ ದಶಕದಲ್ಲೇ ಗೊತ್ತಿತ್ತು. ಮನೆನಾಯಿಗಳು ಗಮ್ ತಿಂದು ಬಿದ್ದ ವರದಿಗಳು ಪಶುವೈದ್ಯರ ಪತ್ರಿಕೆಗಳಲ್ಲಿ ಬಂದದ್ದು 2000ದ ನಂತರ. ಒಂದು ಕೋಣೆಯಲ್ಲಿದ್ದ ತಿಳಿವಳಿಕೆ ಇನ್ನೊಂದು ಮನೆಗೆ ಬರಲು ನಲವತ್ತು ವರ್ಷ ಹಿಡಿಯಿತು.

ಭಾಗ 8/8 · ಕಾಳ್ಯಾ ಎಲ್ಲಿ ಅದ?

ಮೆಸೇಜ್ ಮಾಡಿ ಕೇಳಿದ ಎಲ್ಲರಿಗೂ: ಬದುಕ್ಯಾದ. ಮುಂಜಾನೆ ಬೈಕ್ ಮ್ಯಾಲೆ ನಡುವೆ ಕೂಡಿಸ್ಕೊಂಡು ಬಸವಕಲ್ಯಾಣಕ್ಕ ಒಯ್ದ್ವಿ. ಸಲೈನ್, ಇಂಜೆಕ್ಷನ್, ಎರಡು ದಿನ. ಮೇಡಂ ಹೇಳಿದ ಮಾತು ಹಂಗೇ ಬರೀತೀನಿ: "ಚಾಕೊಲೇಟಿಗೆ ಪ್ರತಿವಿಷ ಅಂತ ಔಷಧಿ ಇಲ್ಲಪ್ಪ. ಅದು ಮೈಯಿಂದ ಹೋಗೋ ತನಕ ನಾಯಿನ್ನ ಉಳಿಸ್ಕೊಂಡು ಕೂಡಬೇಕು, ಅಷ್ಟೇ."

ಇದನ್ನ ಸೇವ್ ಮಾಡ್ಕೊಳ್ಳಿ:

ಒಂದು, ಲಕ್ಷಣ ಕಾಣಲಿ ಅಂತ ಕಾಯಬ್ಯಾಡ್ರಿ. ತಿಂದದ್ದು ಗೊತ್ತಾದ ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ.
ಎರಡು, ಏನು, ಎಷ್ಟು, ಯಾವಾಗ, ನಾಯಿಯ ತೂಕ ಎಷ್ಟು, ಇವನ್ನ ಬರೆದಿಟ್ಕೊಳ್ಳಿ. ಡಬ್ಬಿ, ಕವರ್ ಬಿಸಾಡದೆ ಜೊತೆಗೆ ಒಯ್ಯಿರಿ.
ಮೂರು, ಉಪ್ಪಿನ ನೀರು, ಎಣ್ಣಿ ಕುಡಿಸಬ್ಯಾಡ್ರಿ. ವೈದ್ಯರು ಹೇಳದೆ ವಾಂತಿ ಮಾಡಿಸಬ್ಯಾಡ್ರಿ.
ನಾಲ್ಕು, ಹತ್ತಿರದ ಪಶು ಆಸ್ಪತ್ರೆಯ ನಂಬರ್ ಇವತ್ತೇ ಫೋನಿನಾಗ ಹಾಕ್ಕೊಳ್ಳಿ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರೋದೇ ನಮ್ಮ ಬೀದರ್‌ನ ನಂದಿನಗರದಲ್ಲಿ. ಅಷ್ಟು ದೊಡ್ಡ ವಿದ್ಯೆ ನಮ್ಮ ಜಿಲ್ಲೆಯಲ್ಲೇ ಇಟ್ಕೊಂಡು ನಾವು ತಿಳಿಯದೆ ನಾಯಿ ಕೊಲ್ಲಬಾರದು.

ಮೊದಲನೆಯ ಭಾಗದ ಪ್ರಶ್ನೆಗೆ ನನಗೆ ತಿಳಿದ ಉತ್ತರ ಹೇಳಿ ಮುಗಿಸ್ತೀನಿ. ನಮ್ಮ ತಿನಿಸು ನಾಯಿಗೆ ಒಂದೇ ದಿನದಲ್ಲಿ ವಿಷ ಆಗಲಿಲ್ಲ. ಉಳ್ಳಾಗಡ್ಡಿ, ದ್ರಾಕ್ಷಿ, ಹುಣಸಿ ಮೊದಲಿನಿಂದಲೂ ಅಪಾಯವೇ ಆಗಿದ್ದವು, ನಮಗೆ ಗೊತ್ತಿರಲಿಲ್ಲ. ಬಡತನದ ತಾಟಿನಲ್ಲಿ ಉಳಿಯುತ್ತಿದ್ದುದೇ ಕಡಿಮೆ. ಈಗ ಉಳಿಯೋದು ಹೆಚ್ಚಾಗಿದೆ, ಜೊತೆಗೆ ಕೋಕೋ, ಜೈಲಿಟಾಲ್ ಬಂದಿವೆ. ತಾಟು ಬದಲಾಯಿತು, ಹಾಕುವ ಕೈಯ ರೂಢಿ ಬದಲಾಗಲಿಲ್ಲ.

ಆ ಹಳೇ ವಿಡಿಯೊ ನಾನು ಡಿಲೀಟ್ ಮಾಡಿಲ್ಲ, ಎಲ್ಲಾರಿಗೂ ಕಾಣದಂಗ ಇಟ್ಟೀನಿ. ಡಾಕ್ಟರ್ ಮೂರು ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅದರಾಗೇ.

ಕಾಳ್ಯಾ ಈಗ ಮೊದಲಿನಂಗೇ ಮುಂಜಾನೆ ಬಾಗಿಲ ಮುಂದ ಬಂದು ಕೂಡ್ತದ. ನನ್ನ ಮ್ಯಾಲೆ ಸಿಟ್ಟಿಲ್ಲ. ಅದಕ್ಕ ಗೊತ್ತೇ ಇಲ್ಲಲ್ಲ, ಹಾಕಿದವನು ಯಾರಂತ. ಅವ್ವ ರೊಟ್ಟಿಗೆ ಮೊಸರು ಕಲಿಸಿ ನನ್ನ ಕೈಯಾಗೇ ಕೊಡ್ತಾಳ: "ನೀನೇ ಹಾಕು."

ನಿಮ್ಮ ಮನೆಯ ಅಜ್ಜಿಗೆ ಒಂದು ಮಾತು ಕೇಳಿ ಕಮೆಂಟ್‌ನಲ್ಲಿ ಬರೀರಿ: ಅವರ ಕಾಲದಲ್ಲಿ ಮನೆ ನಾಯಿಗೆ ಏನು ಹಾಕ್ತಿದ್ರು? ಮುಂದಿನ ಸರಣಿ ನಿಮ್ಮ ಉತ್ತರಗಳ ಮೇಲೆಯೇ.

#ಮಂಠಾಳ #ಬಸವಕಲ್ಯಾಣ #ಬೀದರ್ #ನಾಯಿಯತಾಟು #ನಮ್ಮಇತಿಹಾಸ